ಕ್ರೇನ್ ಮಷೀನಿನೊಳಗೆ ಮಗು

ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ನಾನು ಪುಣೆಯ ಖಾಸಗಿ ಕಂಪನಿಯೊಂದರ ಸೀನಿಯರ್ ಸರ್ವಿಸ್ ಇಂಜಿನಿಯರ್ ಆಗಿದ್ದೆ. ನಗರದ ಗೇಮ್ ಪಾರ್ಲರ್‌ಗಳ ಯಂತ್ರಗಳನ್ನು ರಿಪೇರಿ ಮಾಡುವುದು ನನ್ನ ಕೆಲಸ. ನಾನು ಸೇರಿದಾಗ ಎಲ್ಲ ಯಂತ್ರಗಳೂ ನಾಣ್ಯ ನುಂಗುತ್ತಿದ್ದವು. ಆಮೇಲೆ ಟೋಕನ್ ಬಂತು; ಈಗ ಕಾರ್ಡ್ ತೋರಿಸಿದರೆ ಆಟ ಶುರು.

ಕ್ಯಾಂಪ್ ಬಡಾವಣೆಯ ಹಳೆಯ ಪಾರ್ಲರೊಂದರ ಬಾಗಿಲಲ್ಲಿ ಮಾತ್ರ ಒಂದು ರೂಪಾಯಿ ನಾಣ್ಯದ ಕ್ರೇನ್ ಮಷೀನ್ ಉಳಿದಿತ್ತು. ಗಾಜಿನ ಪೆಟ್ಟಿಗೆ, ಒಳಗೆ ಬಟ್ಟೆಗೊಂಬೆಗಳ ರಾಶಿ, ಮೇಲೆ ಮೂರು ಬೆರಳಿನ ಲೋಹದ ಕೈ. ಹೊರಗಿನ ಕೋಲಿನಿಂದ ಕೈಯನ್ನು ಬೇಕಾದಲ್ಲಿಗೆ ಒಯ್ದು ಗುಂಡಿ ಒತ್ತಿದರೆ ಅದು ಇಳಿದು ಗೊಂಬೆ ಹಿಡಿಯುತ್ತದೆ. ಗೆದ್ದ ಗೊಂಬೆ ಕೆಳಗಿನ ಕಿಂಡಿಯಿಂದ ಹೊರಬರುತ್ತದೆ.

ಆ ಭಾನುವಾರ ಮಧ್ಯಾಹ್ನ ನಾನು ಅಲ್ಲೇ ರೇಸಿಂಗ್ ಗೇಮಿನ ಸ್ಟೀರಿಂಗ್ ಬಿಚ್ಚಿ ಕುಳಿತಿದ್ದೆ. ಬಾಗಿಲ ಬಳಿ ಕೂಗು ಕೇಳಿ ಓಡಿದೆ. ಎರಡೂವರೆ ವರ್ಷದ ಹುಡುಗಿ ಗೊಂಬೆಗಳ ನಡುವೆ ಇದ್ದಳು. ಕಿಂಡಿಯಲ್ಲಿ ನುಸುಳಿ, ಒಳಗಿನ ಅಡ್ಡಗೋಡೆ ಹತ್ತಿ ಆಚೆ ಬಿದ್ದಿದ್ದಳು, ಮರಳಿ ಹತ್ತಲಾಗುತ್ತಿರಲಿಲ್ಲ. ಪೆಟ್ಟಿಗೆಗೆ ಗಾಳಿ ಬರುವುದು ಆ ಕಿಂಡಿಯೊಂದರಿಂದಲೇ. ಮಗು ಅಳುತ್ತಾ ಬೆವರಿ ತೊಯ್ದುಹೋಗಿತ್ತು.

ತಾಯಿ ವಿದ್ಯಾ ಗಾಜಿಗೆ ಮುಖ ಒತ್ತಿ, "ಚಿನ್ನೂ, ಇಲ್ಲೇ ಬಾರ್ವಾ" ಎಂದು ಕರೆಯುತ್ತಿದ್ದಳು. ಅಲ್ಲಿ ಸೇರಿದವರು ಬಹುಪಾಲು ನಮ್ಮ ಬೆಳಗಾವಿ ಕಡೆಯವರು, ಮ್ಯಾನೇಜರ್ ಗಣಪತಿಯೂ. ಗಾಬರಿಯಲ್ಲಿ ಯಂತ್ರದ ಪ್ಲಗ್ ಕಿತ್ತಿದ್ದ.

"ಕೀಲಿ ಎಲ್ಲಿ?" ಎಂದೆ.

"ಮಾಲಕರ ಕಡೆ ಅದರೀ. ಅವರು ಊರಾಗಿಲ್ಲ, ಸಾಸವಡಕ್ಕ ಹೋಗ್ಯಾರ."

ಅಗ್ನಿಶಾಮಕ ದಳಕ್ಕೆ ಫೋನ್ ಹೋಗಿತ್ತು, ಗಾಡಿ ಟ್ರಾಫಿಕ್‌ನಲ್ಲಿತ್ತು. ಯಾರೋ ಕಬ್ಬಿಣದ ಸಲಾಕೆ ತಂದರು. ತಡೆದೆ. ಗಾಜು ಹಳೆಯ ಕಾಲದ ಸಾದಾ ಗಾಜು, ಒಡೆದರೆ ಚೂರುಗಳು ನೇರ ಮಗುವಿನ ಮೈಮೇಲೆ. ಉಳಿದದ್ದು ಪೆಟ್ಟಿಗೆಯ ಬಾಗಿಲಿನ ಬೀಗವನ್ನು ಡ್ರಿಲ್ ಮಾಡುವ ದಾರಿ. ಆದರೆ ಡ್ರಿಲ್ಲಿನ ತುದಿ ಬೀಗ ದಾಟಿ ಒಳಗೆ ನುಗ್ಗುತ್ತದೆ. ತಾಯಿ ಕರೆದಳೆಂದು ಮಗು ಬಂದು ಆತುಕೊಂಡಿದ್ದು ಸರಿಯಾಗಿ ಆ ಬೀಗಕ್ಕೇ.

"ತಂಗೀ, ನೀವು ಹೊರಗ ಹೋಗ್ರಿ," ಎಂದೆ ವಿದ್ಯಾಗೆ. " ಅಕಿ ಕಣ್ಣಿಗೆ ಬೀಳಬ್ಯಾಡ್ರಿ."

"ಏನಂತೀರಿ ಕಾಕಾ? ನಾ ಕಾಣಲಿಲ್ಲಂದ್ರ ಅಕಿ ಭಾಳ ಹೆದರ್ತಾಳ್ರಿ!"

"ನೀವು ಇಲ್ಲಿ ನಿಂತಿರೂತನಕ ಅಕಿ ಬೀಗ ಬಿಡೂದಿಲ್ಲ. ಡ್ರಿಲ್ ಹೆಂಗ ಹಚ್ಚಲಿ?"

ಮಗುವನ್ನು ಹಿಂದಕ್ಕೆ ಸೆಳೆಯಲು ಒಳಗೆ ಓಡಾಡುವ ವಸ್ತು ಒಂದೇ ಇತ್ತು, ಆ ಲೋಹದ ಕೈ. ಪ್ಲಗ್ ಮತ್ತೆ ಹಾಕಿಸಿದೆ. ಆದರೆ ನಾಣ್ಯವಿಲ್ಲದೆ ಕೈ ಅಲುಗದು. ಪುಕ್ಕಟೆ ಆಟದ ಗುಂಡಿ ಇರುವುದೂ ಬೀಗದ ಒಳಗೆ. ಸುತ್ತ ನಿಂತವರೆಲ್ಲ ಜೇಬು ತಡಕಾಡಿದರು. ಎಲ್ಲರ ಕೈಗೂ ಬಂದದ್ದು ಫೋನ್.

"ಸ್ಕ್ಯಾನ್ ಮಾಡಿದ್ರ ನಡೀತದೇನ್ರಿ?" ಒಬ್ಬರು ನಿಜಕ್ಕೂ ಕೇಳಿದರು.

ವಿದ್ಯಾ ಚೀಲದಿಂದ ಮದುವೆ ಉಡುಗೊರೆಯ ಲಕೋಟೆ ಎಳೆದಳು. ಅದರ ಮೇಲೆ ಒಂದು ರೂಪಾಯಿ ಅಂಟಿಸಿರುತ್ತಾರಲ್ಲ, ಅದನ್ನು ಕಿತ್ತು ಕೊಟ್ಟಳು. ಹಾಕಿದೆ. ಯಂತ್ರ ಉಗುಳಿತು. ನಾಣ್ಯದ ದಪ್ಪ, ತೂಕ ಒಂದಿಷ್ಟು ಬೇರೆಯಾದರೂ ಅದು ಒಪ್ಪುವುದಿಲ್ಲ. ಬೆನ್ನಿಗೆ ಗೋಂದು, ಕಾಗದ ಹಾಗೇ ಇತ್ತು. ಸ್ಕ್ರೂಡ್ರೈವರಿನಿಂದ ಕೆರೆಯತೊಡಗಿದೆ. ಅಷ್ಟರಲ್ಲಿ ಅಳು ನಿಂತಿತು. ಮಗು ಗಾಜಿಗೆ ತಲೆ ಆನಿಸಿತ್ತು. ಅಳುವಾಗ ಇಲ್ಲದ ಹೆದರಿಕೆ ನನಗೆ ಆಗ ಹತ್ತಿತು.

ಈ ಸಲ ನಾಣ್ಯ ಇಳಿಯಿತು. ಯಂತ್ರದ ಸಂಗೀತ ಶುರುವಾಯಿತು, ಗಣಪತಿ ಕೋಲು ಹಿಡಿದ. ವಿದ್ಯಾ ಮಗಳನ್ನೊಮ್ಮೆ ನೋಡಿ ಹೊರಗಿನ ಕಂಬದ ಹಿಂದೆ ಸರಿದಳು. "ಮಮ್ಮೀ" ಎಂಬ ಚೀರಾಟ ರಸ್ತೆಗೂ ಕೇಳಿರಬೇಕು. ವಿದ್ಯಾ ಕದಲಲಿಲ್ಲ.

"ಹಿಂದಿನ ಮೂಲೀಗೆ ಒಯ್ಯಿ ಗಣಪತಿ. ಅಕಿ ತಲೀ ಮ್ಯಾಲ ಮಾತ್ರ ಬ್ಯಾಡ." ಆಟದ ಹೊತ್ತು ಮುಗಿದರೆ ಕೈ ಇದ್ದಲ್ಲೇ ತಾನಾಗಿ ಬೀಳುತ್ತದೆ.

"ನಿಮ್ಮ ಮಷೀನಿನ ಕೈ ಇವತ್ತರ ಏನರ ಹಿಡೀತದೇನಪಾ?" ಗುಂಪಿನಲ್ಲಿದ್ದ ಹಳೆಯ ಗಿರಾಕಿಯ ಕುಹಕ.

"ಬಾಯಿ ಮುಚ್ಕೊಂಡ್ ನಿಂದರ್ರಿ," ಎಂದ ಗಣಪತಿ, ಕೋಲು ಬಿಡದೆ.

ಲೋಹದ ಕೈ ಹೊಳೆಯುತ್ತಾ ಹಿಂದಕ್ಕೆ ಸಾಗಿತು. ಮಗು ಬಿಕ್ಕುತ್ತಲೇ ತಿರುಗಿತು. ಒಂದು ಕರಡಿ ದಾಟಿತು, ಒಂದು ಮೊಲ ದಾಟಿತು. ಮಗು ಮೂಲೆ ತಲುಪುವ ಮೊದಲೇ ಗಣಪತಿ ಗುಂಡಿ ಒತ್ತಿದ. ಕೈ ಮೂಲೆಯ ಆನೆಯ ಮೇಲೆ ಇಳಿಯಿತು. ಮಗು ನಿಂತು ನೋಡತೊಡಗಿತು. ನಾನು ಡ್ರಿಲ್ ಒತ್ತಿದೆ. ಬೀಗ ಕಳಚಿ ಬಿತ್ತು.

ಬಾಗಿಲು ತೆರೆದೆ, ಆದರೆ ಒಳಗೆ ಕೈ ಹಾಕಲಿಲ್ಲ. "ಈಗ ಕರೀರಿ ತಂಗಿ" ಎಂದೆ. ಎರಡನೇ ಸಲ ಕರೆಯಬೇಕಾಗಲಿಲ್ಲ.

ಅದಾದ ಮೇಲೆ ನಮ್ಮ ಕಂಪನಿ ನೋಡಿಕೊಳ್ಳುವ ಪ್ರತಿ ಕ್ರೇನ್ ಮಷೀನಿನ ಕಿಂಡಿಗೂ ಅಡ್ಡಪಟ್ಟಿ ಹಾಕಿಸಿದೆ. ಹೊಸ ಮೆಕ್ಯಾನಿಕ್‌ಗಳಿಗೆ ಇನ್ನೊಂದು ಮಾತೂ ಹೇಳುತ್ತೇನೆ: ಸಿಕ್ಕಿಕೊಂಡವರು ಕರೆದ ಕಡೆಗೆ ಬರುತ್ತಾರೆ. ಟೂಲ್ ಬ್ಯಾಗ್ ಬಿಚ್ಚುವ ಮೊದಲು, ಯಾರು ಎಲ್ಲಿ ನಿಂತು ಕರೆಯುತ್ತಿದ್ದಾರೆ ನೋಡಿ. ಆ ಮಧ್ಯಾಹ್ನದ ಅತಿ ಕಷ್ಟದ ಕೆಲಸ ಕಂಬದ ಹಿಂದೆ ನಿಂತವಳದು.