ಕಣ್ಣಿಗೆ ಉಳ್ಳಾಗಡ್ಡಿ ರಸ

ಬೆಳಿಗ್ಗೆ ಎದ್ದ ಕೂಡಲೇ ಅಜ್ಜಿ ನನ್ನ ರೆಪ್ಪೆ ಅಗಲಿಸಿ ಉಳ್ಳಾಗಡ್ಡಿ ರಸ ಹಿಂಡುತ್ತಿದ್ದಳು. ಶಾಲೆಯಲ್ಲಿ ಬೋರ್ಡು ಮಸುಕಾಗಿ ಕಾಣುತ್ತದೆ ಎಂದು ನಾನೇ ಬಾಯಿಬಿಟ್ಟಿದ್ದಕ್ಕೆ ಸಿಕ್ಕ ಔಷಧ ಅದು. ಎಪ್ಪತ್ತರ ದಶಕದ ಕುರುಗೋಡು. ನಾನಾಗ ಏಳನೇ ಕ್ಲಾಸು.

"ಕಣ್ಣಾಗಿನ ಉಷ್ಣ ನೀರಾಗಿ ಹರೀಬೇಕು. ಕಣ್ಣೀರಾಗ ಔಷಧ ಐತಿ, ಸುಮ್ನಿರು," ಎನ್ನುತ್ತಿದ್ದಳು. ಸುಮ್ಮನಿರುವುದು ಹೇಗೆ? ಉರಿಗೆ ಜೀವ ಬಾಯಿಗೆ ಬರುತ್ತಿತ್ತು. ಆ ಕೆಂಗಣ್ಣು ಹೊತ್ತು ಶಾಲೆಗೆ ಹೋದರೆ ಬೋರ್ಡು ಇನ್ನಷ್ಟು ಮಸುಕು.

ಅಪ್ಪನ ವಾದವೇ ಬೇರೆ. "ಓದಿ ಓದಿ ಕಣ್ಣು ಹಾಳು ಮಾಡ್ಕೊಂಡಾಳ. ಚಸ್ಮಾ ಹಾಕ್ಕೊಂಡ್ರ ಯಾರು ಮದಿವಿ ಆಗ್ತಾರ? ಈ ವರ್ಷಕ್ಕ ಸಾಲಿ ಸಾಕು." ಅಂದು ಬಂದ ಸಿಟ್ಟು ಇಂದಿಗೂ ಪೂರ್ತಿ ಇಳಿದಿಲ್ಲ.

ಯಾರನ್ನು ನೋಡಿದರೂ ಅವ್ವ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಓಣಿಯಲ್ಲಿ ಅವಳಿಗೆ ಸಿಡುಕಿ ಎಂದೇ ಹೆಸರು. ನಾನೂ ಹಾಗೇ ತಿಳಿದಿದ್ದೆ. ಅಂಥವಳು ಸಿರುಗುಪ್ಪದ ತವರಿಗೆ ಹೋಗಿ ಬರುತ್ತೇನೆಂದು ಮನೆಯಲ್ಲಿ ಸುಳ್ಳು ಹೇಳಿ, ನನ್ನನ್ನು ಬಳ್ಳಾರಿಗೆ ಕಣ್ಣಿನ ಡಾಕ್ಟರ ಬಳಿ ಕರೆದೊಯ್ದಳು.

ಡಾಕ್ಟರು ನನ್ನ ಕಣ್ಣು ನೋಡಿ, ಅವ್ವ ಹೇಳಿದ್ದೆಲ್ಲ ಕೇಳಿ ಅವಳನ್ನೇ ಬೈದರು. "ಕಣ್ಣೀರು ಕಣ್ಣನ್ನ ಕಾಯ್ತೈತಿ, ಅದು ಖರೆ. ಹಂಗಂತ ರಸ ಹಿಂಡಿ ಅಳಿಸ್ತಾರೇನ್ರಿ? ಹುಡುಗಿಗೆ ದೂರದ್ದು ಕಾಣ್ಸಲ್ಲ, ಚಸ್ಮಾ ಬೇಕು. ಸಾಲಿ ಮಾತ್ರ ಬಿಡಿಸ್ಬ್ಯಾಡ್ರಿ."

ಮತ್ತೊಂದು ನೆಪ ಹೇಳಿ ಹೋಗಿ ಚಸ್ಮಾ ತಂದ ದಿನ, ಬಳ್ಳಾರಿ ಬಸ್‌ಸ್ಟ್ಯಾಂಡಿನಲ್ಲಿ ಅವ್ವ "ಕೊಡಿಲ್ಲಿ" ಎಂದು ಅದನ್ನು ತಾನೇ ಹಾಕಿಕೊಂಡಳು. ಕೋಟೆ ಗುಡ್ಡದ ಕಡೆ ತಿರುಗಿ ಬಹಳ ಹೊತ್ತು ನಿಂತಳು.

"ಗುಡ್ಡದ ಮ್ಯಾಗ ಗ್ವಾಡಿ ಐತಲ್ಲ," ಎಂದಳು, ಮೆಲ್ಲಗೆ.

"ನಿನಗೂ ಕಾಣ್ಸಲ್ಲೇನವ್ವ?"

"ಇದಕ್ಕ ನನ್ನೂ ಸಾಲಿ ಬಿಡಿಸಿದ್ರು. ನಮ್ಮವ್ವನೂ ಉಳ್ಳಾಗಡ್ಡಿನ ಹಿಂಡಿದ್ಲು."

"ನಡಿ, ಡಾಕ್ಟರಿಗೆ ನಿನ್ನ ಕಣ್ಣೂ ತೋರ್ಸೋಣು."

"ನಂದೇನೈತಿ ಇನ್ನ. ಒಲಿ ಹತ್ರಾನ ಐತಿ, ಕಾಣ್ತೈತಿ." ಸೆರಗಿನಿಂದ ಗಾಜು ಒರೆಸಿ ನನ್ನ ಮೂಗಿನ ಮೇಲೆ ಕೂರಿಸಿದಳು. ನಾನು ಎಷ್ಟು ಗೋಗರೆದರೂ ಕೇಳಲಿಲ್ಲ.

ಮನೆಗೆ ಬಂದಾಗ ಅಪ್ಪ ಪಡಸಾಲೆಯ ಆ ತುದಿಯಲ್ಲಿ ಕೂತಿದ್ದ. ನನ್ನ ಚಸ್ಮಾ ನೋಡಿ ದಡಕ್ಕನೆ ಎದ್ದ. ಅವ್ವ ಹೊಸ್ತಿಲಲ್ಲೇ ನಿಂತು, ಕಣ್ಣು ಕಿರಿದು ಮಾಡಿ ಅವನನ್ನೇ ನೋಡುತ್ತ, "ಇಕಿ ಸಾಲಿ ಬಿಡ್ಸಾದಿಲ್ಲ," ಎಂದಳು.

ಆ ನೋಟಕ್ಕೆ ಅಂಜಿ ಅಪ್ಪ ಮತ್ತೆ ಕೂತ. ಅಷ್ಟು ದೂರದಿಂದ ಅವಳಿಗೆ ಅವನ ಮುಖವೇ ಕಾಣುತ್ತಿರಲಿಲ್ಲ ಎಂಬುದು ನನಗೊಬ್ಬಳಿಗೇ ಗೊತ್ತಿತ್ತು.