ಹೊಂಡದ ದಂಡೆಯ ಸೊಪ್ಪಿನಮ್ಮ

ಮೊನ್ನೆ ಮಾರ್ಕೆಟ್ಟಿನಲ್ಲಿ ಯಾರೋ ಸೊಪ್ಪಿನ ಬುಟ್ಟಿಯ ಮೇಲಿಂದ ಒದ್ದೆ ಗೋಣಿಚೀಲ ಸರಿಸಿದರು. ಕೆಸರು ಬೆರೆತ ಆ ತಣ್ಣನೆಯ ವಾಸನೆ ಮೂಗಿಗೆ ಬಡಿದದ್ದೇ, ಕೈಚೀಲ ಹಿಡಿದು ಸುಮ್ಮನೆ ನಿಂತುಬಿಟ್ಟೆ. ನಮ್ಮ ಓಣಿಗೆ ದಿನಾ ಬರುತ್ತಿದ್ದ ಸೊಪ್ಪಿನಮ್ಮ ನೆನಪಾದಳು...

ಕೌಲ್ ಬಜಾರಿನಿಂದ ಬುಟ್ಟಿ ಹೊತ್ತು ನಡೆದೇ ಬರುತ್ತಿದ್ದಳು. ಅರವತ್ತು ದಾಟಿದ ತೆಳ್ಳನೆಯ ಹೆಂಗಸು. ಕೆಲವು ಮನೆಗಳ ಮುಂದೆ ಕನ್ನಡದಲ್ಲಿ, ಕೆಲವು ಮನೆಗಳ ಮುಂದೆ ತೆಲುಗಿನಲ್ಲಿ ಕೂಗುವಳು. ಯಾವ ಮನೆಯಲ್ಲಿ ಯಾರಿಗೆ ಯಾವ ಸೊಪ್ಪು ಆಗಿಬರುವುದಿಲ್ಲ ಎಂಬುದೂ ಆಕೆಗೆ ಗೊತ್ತಿತ್ತು.

ಆ ವರ್ಷ ನಮ್ಮ ಬಡಾವಣೆಯ ಹತ್ತಿಪ್ಪತ್ತು ಜನ ಸೇರಿ ಹಳೇ ಹೊಂಡವನ್ನು ಚೊಕ್ಕ ಮಾಡಲು ಹೊರಟಿದ್ದೆವು. ಪ್ರತಿ ಭಾನುವಾರ ಬೆಳಿಗ್ಗೆ ಪ್ಲಾಸ್ಟಿಕ್ಕು, ಹರಿದ ಹಾಸಿಗೆ, ಟೈರು ಎತ್ತಿ ಹಾಕುವುದು. ಅದರ ಜೊತೆ ಹಸಿರಾಗಿ ಕಂಡದ್ದನ್ನೆಲ್ಲ ಕಿತ್ತೆವು. ಒಂದು ಭಾನುವಾರ ಆಕೆ ಬುಟ್ಟಿ ಇಳಿಸಿ, ನಾವು ಕಿತ್ತು ಒಟ್ಟಿದ್ದ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತಳು.

"ಯವ್ವಾ, ನೀರೆಲ್ಲಾ ಮುಚ್ಚೋ ಅಂತರಗಂಗಿ ಕಿತ್ತಿದ್ದು ಛಲೋ ಆತು. ಒಂದೆಲಗ ಯಾಕ ಕಿತ್ತೀರಿ?"

ಬಿಸಿಲಿಗೆ ನನ್ನ ತಲೆ ಕೆಟ್ಟಿತ್ತು. "ನಿನ್ನ ಯಾಪಾರ ನೀ ನೋಡ್ಕೊಮ್ಮ" ಎಂದೆ. ಆಕೆ ಇನ್ನೂ ಬಾಡದ ಬೇರುಗಳನ್ನು ಆರಿಸಿ, ದಂಡೆಯ ಹಸಿಮಣ್ಣಿಗೆ ಒಂದೊಂದಾಗಿ ಒತ್ತಿ, ಎದ್ದು ಹೋದಳು.

ನಾವು ನರ್ಸರಿಯಿಂದ ತಂದು ನೆಟ್ಟ ಬಣ್ಣದ ಹೂಗಿಡಗಳು ಬೇಸಿಗೆ ಮುಗಿಯುವ ಮೊದಲೇ ಒಣಗಿದವು. ಆಕೆ ಒತ್ತಿ ಹೋದ ಒಂದೆಲಗ ಮಾತ್ರ ಮೊಳದುದ್ದ ಹಬ್ಬಿತ್ತು. ನಾಚಿಕೆ ಬಿಟ್ಟು ಆಕೆಯನ್ನೇ ಕೇಳಿದೆ, ಇಲ್ಲಿ ಇನ್ನೇನು ಬದುಕುತ್ತದೆ ಎಂದು.

"ಬಾಯಿಲೆ ಹೇಳಿದ್ರ ಏನ್ ತಿಳೀತೈತಿ? ಬಾ, ತೋರಸ್ತೀನಿ."

ಸಿರುಗುಪ್ಪದ ಕಡೆ ತನ್ನ ತವರೂರಿಗೆ ಕರೆದೊಯ್ದಳು. ಸೀರೆ ಎತ್ತಿಕಟ್ಟಿ ಕಾಲುವೆಯ ಅಂಚಿಗೆ ಇಳಿದು ಹೊನಗೊನ್ನೆ, ಲಾವಂಚ, ಜೊಂಡು ಎಲ್ಲವನ್ನೂ ಬೇರು ಸಮೇತ ಎತ್ತಿಕೊಟ್ಟಳು. ಒದ್ದೆ ಗೋಣಿಯಲ್ಲಿ ಸುತ್ತಿ ಬಸ್ಸು ಹತ್ತಿದೆವು. ನೀರು ಸೋರಿದ್ದಕ್ಕೆ ಕಂಡಕ್ಟರ್ ಸಿಡುಕಿದ.

"ಕೂಸು ಇದ್ದಂಗ ಐತ್ರಿ ಅದು. ಉಚ್ಚಿ ಹೊಯ್ದೈತಿ" ಎಂದಳು. ಬಸ್ಸಿಗೆ ಬಸ್ಸೇ ನಕ್ಕಿತು.

ಎರಡು ಮಳೆಗಾಲದಲ್ಲಿ ಹೊಂಡದ ನೀರು ತಿಳಿಯಾಯಿತು. ಜೊಂಡಿನೊಳಗೆ ನೀರುಕೋಳಿ ಗೂಡು ಕಟ್ಟಿತು. ಆಕೆ ಬೆಳಿಗ್ಗೆ ಬಂದು ತನಗೆ ಬೇಕಾದಷ್ಟೇ ಕುಡಿ ಚಿವುಟಿ ಬುಟ್ಟಿಗೆ ಹಾಕಿಕೊಳ್ಳುತ್ತಿದ್ದಳು.

ಆಮೇಲೆ ನಮ್ಮ ಸಭೆಯಲ್ಲಿ ಬೇಲಿಯ ಮಾತು ಬಂತು. ಕಸ ಸುರಿಯುವವರನ್ನು ತಡೆಯಲು ಸುತ್ತ ತಂತಿ, ಗೇಟಿಗೆ ಬೀಗ. "ಸೊಪ್ಪು ಕೀಳೋರ ಕಾಟನೂ ನಿಲ್ತೈತ್ರಿ" ಎಂದರು ಒಬ್ಬರು. ಆಕೆಯ ವಿಷಯ ನನ್ನ ನಾಲಿಗೆಯ ತುದಿಗೆ ಬಂದಿತ್ತು... ಎಲ್ಲರೂ ಕೈ ಎತ್ತಿದರು. ನಾನೂ ಎತ್ತಿದೆ.

ಬೇಲಿ ಹಾಕಿದ ಮರುದಿನ ಆಕೆ ಗೇಟಿನ ಹೊರಗೆ ನಿಂತಿದ್ದಳು. ಬೀಗ ನೋಡಿದಳು, ನನ್ನನ್ನು ನೋಡಿದಳು. "ಇರ್ಲಿ ಬಿಡವ್ವ. ದನ ಮೇಯೋದಾದ್ರೂ ತಪ್ತೈತಿ" ಎಂದು ಬುಟ್ಟಿ ಎತ್ತಿಕೊಂಡಳು. ಸಿಟ್ಟಾಗಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಮುಂದಿನ ಸಭೆಗೆ ನಾನು ಜಗಳಕ್ಕೆಂದೇ ಹೋದೆ. ಬೆಳಿಗ್ಗೆ ಎರಡು ತಾಸು ಗೇಟು ತೆರೆದಿಡಬೇಕು ಎಂದು ಎಲ್ಲರನ್ನೂ ಒಪ್ಪಿಸುವಷ್ಟರಲ್ಲಿ ತಿಂಗಳುಗಳೇ ಕಳೆದವು. ಅಷ್ಟರಲ್ಲಿ ಆಕೆ ಮೊಣಕಾಲು ಸೋತು, ಕುರುಗೋಡಿನಲ್ಲಿದ್ದ ಮಗಳ ಮನೆ ಸೇರಿದ್ದಳು. ಸುದ್ದಿ ಹೇಳಲೆಂದು ಹುಡುಕಿಕೊಂಡು ಹೋದೆ.

"ಅವ್ವ ಹೋಗಿ ಹದಿನೈದು ದಿನ ಆತ್ರಿ" ಎಂದಳು ಬಾಗಿಲು ತೆರೆದ ಮಗಳು. ಒಳಗೆ ಕೂರಿಸಿ ನೀರು ಕೊಟ್ಟಳು. "ಹೊಂಡದ ಅಕ್ಕ ಅಂದ್ರ ನೀವಾ ಏನ್ರಿ? ನನ್ನ ಸೊಪ್ಪು ಹೆಂಗ ಅದಾವೋ ಅಂತ ದಿನಾ ಅನ್ನಾಕಿ. ಆ ಮಂದಿ ಭಾಳ ಒಳ್ಳೇರು ಅನ್ನಾಕಿ."

ಬೇಲಿಯ ವಿಷಯವನ್ನು ಆಕೆ ಮಗಳಿಗೆ ಹೇಳಿಯೇ ಇರಲಿಲ್ಲ. ನೀರಿನ ಲೋಟವನ್ನು ಹಾಗೇ ಕೆಳಗಿಟ್ಟೆ.

ಈಗ ದಿನಾ ಬೆಳಿಗ್ಗೆ ಗೇಟು ತೆರೆಯುವ ಕೆಲಸ ನನ್ನದು. ಹಲಕುಂದಿ ಕಡೆಯ ಇಬ್ಬರು ಹೆಂಗಸರು ಬಂದು ಹೊನಗೊನ್ನೆ ಕೊಯ್ದುಕೊಳ್ಳುತ್ತಾರೆ. ಅದು ಅಲ್ಲಿ ತಾನಾಗಿ ಬೆಳೆದದ್ದೆಂದೇ ಅವರು ತಿಳಿದಿದ್ದರು. ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದೆ. ನೆಟ್ಟವಳ ಕಥೆ ಹೇಳಿದರೆ ಬೀಗದ ಕಥೆಯನ್ನೂ ಹೇಳಬೇಕಾಗುತ್ತದೆಂದು ಸುಮ್ಮನಾಗುತ್ತಿದ್ದೆ. ಇವತ್ತು ಅವರ ಪಕ್ಕದಲ್ಲೇ ಕುಳಿತು ಎರಡನ್ನೂ ಹೇಳಿದೆ.

ಕೇಳುತ್ತ ಕೇಳುತ್ತ ಅವರಲ್ಲಿ ಚಿಕ್ಕವಳು ಕೊಯ್ಯುವ ಕೈ ನಿಲ್ಲಿಸಿದಳು.

"ಆ ಅಮ್ಮ ಈಗ ಎಲ್ಲಿ ಅದಾರ್ರಿ?"

"ಇಲ್ಲವ್ವ" ಎಂದೆ.