ಯಾವ ಕಣ್ಣು ಎಂದು ಕೇಳುತ್ತಿದ್ದ ನರ್ಸಮ್ಮ

ತಾನು ಯಾರು ಎಂಬ ಪ್ರಶ್ನೆ ಮನುಷ್ಯನನ್ನು ಜೀವಮಾನದಲ್ಲಿ ಒಮ್ಮೆಯಾದರೂ ಕಾಡಬೇಕಂತೆ. ನನ್ನನ್ನು ಅದು ತಮಿಳು ಸೀಮೆಯ ಗಾಂಧಿಪುರದ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಒಂದೇ ಬೆಳಿಗ್ಗೆ ಐದು ಸಲ ಕಾಡಿತು, ಅದೂ ಕಾಫಿಗೆ ಮೊದಲು.

ಕಾಡಿದವರು ಅಲ್ಲಿನ ನರ್ಸಮ್ಮ. ಕೈಯಲ್ಲಿ ತಪಾಸಣೆಯ ಪಟ್ಟಿ, ಕಿವಿಯ ಮೇಲೆ ಪೆನ್ನು. ನಮ್ಮದೂ ಕನ್ನಡವೆಂದು ತಿಳಿದದ್ದೇ ಮನೆಮಾತಿಗೆ ಇಳಿದರು. "ಕೋಪಿಸ್ಕೋಬೇಡೀಂಗ ಅಣ್ಣಾ, ಇನ್ನೊಂದ್ ತಡವೆ ಹೇಳಿ. ಹೆಸ್ರೇನು? ಯಾವ ಕಣ್ಣು?" ಉತ್ತರ ಸರಿಯಿದ್ದರೆ ಪೆನ್ನು ಕಿವಿಯಿಂದಿಳಿದು ಗುರುತು ಹಾಕಿ, ಮತ್ತೆ ಅಲ್ಲಿಗೇ ಏರುತ್ತಿತ್ತು.

ಅಂದು ನಾನೂ ಚಿಕ್ಕಪ್ಪನ ಮಗನೂ ಒಟ್ಟಿಗೆ ಪೊರೆ ತೆಗೆಸಲು ಹೋಗಿದ್ದೆವು. ನಮ್ಮ ನೇಕಾರ ಮನೆತನದಲ್ಲಿ ಪ್ರತಿ ಮಗನ ಹಿರಿಯ ಮಗನಿಗೂ ತಾತನದೇ ಹೆಸರು. ಹಾಗಾಗಿ ನಮ್ಮಿಬ್ಬರದೂ ಒಂದೇ. ಸರದಿಯಂತೆ ಮೊದಲು ಕರೆದದ್ದು ಅವನನ್ನು.

"ದೊಡ್ಡವ್ರು ಇರೋವಾಗ ನಾ ಮುಂದೆ ಹೋಗದಾ? ನೀ ಹೋಗಣ್ಣಾ" ಎಂದ. ಮರ್ಯಾದೆಗೆ ಮನಸೋತು ನಾನೇ ಹೋಗಿ ಮೇಜಿನ ಮೇಲೆ ಮಲಗಿದೆ.

"ಯಾವ ಕಣ್ಣು?"

"ಬಲಗಣ್ಣು ತಾಯಿ! ಇದು ಐದ್ನೇ ತಡವೆ."

ಪೆನ್ನು ಇಳಿಯಲಿಲ್ಲ. ಪಟ್ಟಿಯಲ್ಲಿ ಎಡಗಣ್ಣು ಎಂದಿತ್ತು. ನನಗೆ ಸರಿಯಾಗಿ ಕಾಣುತ್ತಿದ್ದುದು ಅದೊಂದೇ.

ಏನೂ ಆಗಲಿಲ್ಲವಲ್ಲ, ಇದನ್ನೇಕೆ ವರದಿಗೆ ಬರೆಯಬೇಕು ಎಂದು ಡಾಕ್ಟರು ತಮಿಳಿನಲ್ಲಿ ಗೊಣಗಿದರು. ಏನೂ ಆಗಲಿಲ್ಲ ಎಂದೇ ಬರೆಯುತ್ತೇನೆ ಎಂದು ನರ್ಸಮ್ಮ ತಮಿಳಿನಲ್ಲೇ ಹೇಳಿ, ಒಂದು ಪುಟ ತುಂಬ ಬರೆದರು. ಆಮೇಲೆ ನನ್ನತ್ತ ತಿರುಗಿದರು.

"ಕೋಪಿಸ್ಕೋಬೇಡೀಂಗ ಅಣ್ಣಾ, ಎದ್ದೇಳಿ. ತಮ್ಮನ್ನ ಕಳ್ಸಿ. ದೊಡ್ಡವ್ರು ಚಿಕ್ಕವ್ರು ಎಲ್ಲಾ ಮನೇಲಿ ನೋಡ್ಕೊಳ್ಳಿ."

ಅಂದು ಅವನ ಎಡಗಣ್ಣಿನ ಪೊರೆಯನ್ನು ಮೊದಲು ತೆಗೆದರು, ನನ್ನ ಬಲಗಣ್ಣಿನದನ್ನು ಆಮೇಲೆ.